ಸಮಾಲೋಚಕರು ಹಾಸ್ಟೆಲಿಗೇ ಬರಲಿ

100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಒಬ್ಬ ಅರ್ಹ ಆಪ್ತಸಮಾಲೋಚಕರನ್ನಾದರೂ ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ಒಳ್ಳೆಯದೇ. ಆದರೆ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ನಾನು ಕಂಡದ್ದು ಬೇರೆ: ಆಡಳಿತ ಕಟ್ಟಡದಲ್ಲಿರುವ ಸಮಾಲೋಚಕರ ಕೋಣೆಗೆ ಹೋದರೆ ಯಾರಾದರೂ ನೋಡಿಯಾರೆಂದು ಹುಡುಗಿಯರು ಹಿಂಜರಿಯುತ್ತಾರೆ. ಉಳಿದುಹೋದ ಬ್ಯಾಕ್‌ಲಾಗ್, ಮನೆಯಲ್ಲಿ ಮದುವೆಯ ಒತ್ತಾಯ, ತಲೆಗೆ ಹತ್ತದ ಇಂಗ್ಲಿಷ್ ಪಾಠ, ಇವೆಲ್ಲ ಬಾಯಿಗೆ ಬರುವುದು ರಾತ್ರಿ ಊಟವಾದ ಮೇಲೆ, ಗೆಳತಿಯ ಮಂಚದ ಮೇಲೆ. "ನನಗೂ ಹಾಗೇ ಆಗಿತ್ತು ಕಣೇ" ಎಂಬ ಮಾತು ಅವರಿಗೆ ಸಿಗುವುದೂ ಅಲ್ಲೇ.

ಸಮಾಲೋಚಕರು ವಾರಕ್ಕೊಮ್ಮೆ ಹಾಸ್ಟೆಲಿಗೇ ಬಂದು ಎಂಟು ಹತ್ತು ಮಂದಿಯ ಗುಂಪಿನೊಡನೆ ಕೂರಲಿ. ಹಿರಿಯ ವಿದ್ಯಾರ್ಥಿನಿಯರಿಗೆ ಕೇಳಿಸಿಕೊಳ್ಳುವ, ಗುಟ್ಟು ಕಾಯುವ ತರಬೇತಿ ಕೊಡಲಿ. ಸಾಯುವ ಮಾತು ಬಂದರೆ ಮಾತ್ರ ಗುಟ್ಟು ಬೇಡ. ತಕ್ಷಣ ಸಮಾಲೋಚಕರಿಗೆ ತಿಳಿಸಬೇಕು, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಅಷ್ಟು ದೊಡ್ಡ ಹೊಣೆಯನ್ನು ಇಪ್ಪತ್ತರ ಹುಡುಗಿಯೊಬ್ಬಳೇ ಹೊರುವಂತಾಗಬಾರದು.