ರಕ್ತದಲ್ಲಿ ಬಂದುದು ಹಣೆಬರಹವಲ್ಲ

ಮಗು ಹಠ ಹಿಡಿದರೆ, ಯುವಕನು ಕೈಯೆತ್ತಿದರೆ, 'ಅಪ್ಪನ ರಕ್ತವೇ ತಾನೆ' ಎಂದು ನಾವು ತೀರ್ಪಿತ್ತುಬಿಡುತ್ತೇವೆ. ಈಗ ಈ ಮಾತಿಗೆ ವಿಜ್ಞಾನದ ಮುದ್ರೆಯನ್ನೂ ಒತ್ತಲಾಗುತ್ತಿದೆ.

1993ರಲ್ಲಿ ನೆದರ್‌ಲ್ಯಾಂಡ್ಸಿನ ಒಂದು ಕುಟುಂಬದ ಕೆಲವು ಪುರುಷರ ಉಗ್ರ ವರ್ತನೆಗೂ 'ಎಂಎಒಎ' ಎಂಬ ವಂಶವಾಹಿಯ ದೋಷಕ್ಕೂ ನಂಟಿರುವುದನ್ನು ವಿಜ್ಞಾನಿಗಳು ಕಂಡರು. ಮುಂದೆ ಅದಕ್ಕೆ 'ಯೋಧ ವಂಶವಾಹಿ' ಎಂಬ ಹೆಸರೂ ಅಂಟಿಕೊಂಡಿತು.

ಆದರೆ ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972-73ರಲ್ಲಿ ಜನಿಸಿದವರನ್ನು ಬಾಲ್ಯದಿಂದಲೇ ಗಮನಿಸುತ್ತ ಬಂದ ಅಧ್ಯಯನವೊಂದು 2002ರಲ್ಲಿ ಮತ್ತೊಂದು ಮುಖವನ್ನು ತೋರಿಸಿತು. ಈ ವಂಶವಾಹಿಯು ಮಂದವಾಗಿದ್ದ ಗಂಡುಮಕ್ಕಳಲ್ಲಿ, ಎಳವೆಯಲ್ಲಿ ಕ್ರೌರ್ಯಕ್ಕೆ ತುತ್ತಾದವರೇ ಹೆಚ್ಚಾಗಿ ಹಿಂಸೆಯ ಹಾದಿ ಹಿಡಿದಿದ್ದರು. ಕ್ರೌರ್ಯವನ್ನು ಕಾಣದೆ ಬೆಳೆದವರು ಇತರರಂತೆಯೇ ಇದ್ದರು. ಅನಂತರದ ಅಧ್ಯಯನಗಳೆಲ್ಲವೂ ಇದನ್ನು ಒಂದೇ ಸಮನೆ ಸಮರ್ಥಿಸಿಲ್ಲ. ಒಂದು ವಂಶವಾಹಿಯಿಂದ ಮನುಷ್ಯನನ್ನು ಅಳೆಯಲಾಗದೆಂಬುದು ಮಾತ್ರ ಸ್ಪಷ್ಟ.

ಒಲವು ಬೇರೆ, ಕೃತ್ಯ ಬೇರೆ. ಜೀವವಿಕಾಸದ ದೀರ್ಘ ಪಯಣವು ನಮಗೆ ಕೋಪವನ್ನು ಉಳಿಸಿಕೊಟ್ಟಂತೆಯೇ ಮರುಕವನ್ನೂ ಉಳಿಸಿಕೊಟ್ಟಿದೆ. ಬೇಗನೆ ಕೆರಳುವ ಸ್ವಭಾವ ಹುಟ್ಟಿನಿಂದಲೇ ಬಂದಿರಬಹುದು. ಎತ್ತಿದ ಕೈಯನ್ನು ತಡೆಯುವ ವಿವೇಕವನ್ನು ಮನೆಯೇ ಕಲಿಸಬೇಕು.

ಆದುದರಿಂದ, ಹೆತ್ತವರೇ, ಮಗುವಿನ ರಕ್ತವನ್ನು ದೂರುವ ಮೊದಲು ನಮ್ಮ ಕೈಯಲ್ಲಿರುವ ಬೆತ್ತವನ್ನು ಕೆಳಗಿಡೋಣ.