1,850 ರೂಪಾಯಿಯ ಡಬ್ಬಿಯಲ್ಲಿ ಏನಿದೆ?

ಮಾಗಿ ಚಳಿ ಬಿದ್ದ ಮೇಲೆ ನಮ್ಮ ಬಿಂಡಿಗನವಿಲೆ ಸುತ್ತಮುತ್ತ ಗಾಳಿಯ ಪಸೆ ಆರಿಹೋಗುತ್ತದೆ. ಮುಂಜಾವಿನ ಚಳಿ, ನಡುಹಗಲಿನ ಬಿಸಿಲು, ರಾಗಿ ಒಕ್ಕಣೆಯ ದೂಳು ಮೂರೂ ಸೇರಿ ಚರ್ಮವನ್ನು ಪರೀಕ್ಷೆಗೆ ಒಡ್ಡುವ ಕಾಲ ಅದು. ತುಟಿ ಒಡೆಯುವುದು, ಹಿಮ್ಮಡಿ ಸೀಳುವುದು, ಮೊಣಕಾಲಿನ ಕೆಳಗೆ ಮೀನಿನ ಹುರುಪೆಯಂತೆ ಚರ್ಮ ಏಳುವುದು, ಸ್ನಾನ ಮುಗಿಸಿ ಬಂದೊಡನೆ ಮೈಯೆಲ್ಲ ನವೆ. ಹಳ್ಳಿಯ ವೈದ್ಯನಿಗೆ ಇವು ಡಿಸೆಂಬರಿನಿಂದ ಫೆಬ್ರವರಿಯವರೆಗೆ ನಿತ್ಯದ ದೂರುಗಳು. ಹಿಂದೆ ಇದಕ್ಕೆಲ್ಲ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಹೆಚ್ಚೆಂದರೆ ಒಂದು ಡಬ್ಬಿ ಪೆಟ್ರೋಲಿಯಂ ಜೆಲ್ಲಿ ಸಾಕಾಗುತ್ತಿತ್ತು.

ಈಗ ಬೇರೊಂದು ವಸ್ತು ಊರಿಗೆ ಬಂದಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹೆಣ್ಣುಮಕ್ಕಳು ಹಬ್ಬಕ್ಕೋ, ಗರುಡ ದೇವರ ದರ್ಶನಕ್ಕೋ ಊರಿಗೆ ಬರುವಾಗ ತಾಯಿಗೆಂದು, ಅತ್ತಿಗೆಗೆಂದು ತರುವ ಮುಖದ ಮಾಯಿಶ್ಚರೈಸರ್. ದಪ್ಪ ಗಾಜಿನ ಡಬ್ಬಿ, ಒಳಗೆ ತಿಳಿನೀಲಿ ಬಣ್ಣದ ಲೋಳೆ. ತೂಕ 50 ಗ್ರಾಂ. ಇತ್ತೀಚೆಗೆ ನನ್ನ ಮೇಜಿನ ಮೇಲೆ ಬಂದು ಕುಳಿತ ಒಂದರ ಬೆಲೆ 1,850 ರೂಪಾಯಿ. ಹೆಸರು ಇಲ್ಲಿ ಬೇಡ, ಅಂಥವು ಹತ್ತಾರಿವೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ‘ಹಗುರ’, ‘ಜಿಡ್ಡಿಲ್ಲ’, ‘24 ಗಂಟೆ ತೇವ’ ಎಂದು ಮುಂಭಾಗದಲ್ಲಿ ದೊಡ್ಡಕ್ಷರ. ಏನೇನು ಹಾಕಿದ್ದಾರೆ ಎಂಬುದು ಹಿಂಭಾಗದಲ್ಲಿ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ. ‘ಡಾಕ್ಟ್ರೇ, ಇದ್ರಿಂದ ನಿಜ್ವಾಗ್ಲೂ ಉಪಯೋಗ ಅದಾ?’ ಎಂಬ ಪ್ರಶ್ನೆಗೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲಾಗದು.

ಮೊದಲು ಚರ್ಮದ ವಿಚಾರ. ನಾವು ಕಣ್ಣಿನಿಂದ ಕಾಣುವ ಮೇಲ್ಪದರ ಸತ್ತ ಜೀವಕೋಶಗಳ ತೆಳು ಹಾಳೆ. ದೇಹದ ಹೆಚ್ಚಿನ ಭಾಗಗಳಲ್ಲಿ ಅದರ ದಪ್ಪ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗಕ್ಕೂ ಕಡಿಮೆ. ಇಷ್ಟು ತೆಳುವಾದದ್ದೇ ದೇಹದ ನೀರನ್ನು ಒಳಗೆ ಹಿಡಿದಿಟ್ಟಿರುತ್ತದೆ. ಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವಿನ ಗಾರೆ ಕೊಬ್ಬಿನ ಅಂಶದ್ದು. ಅದರಲ್ಲಿ ಸುಮಾರು ಅರ್ಧದಷ್ಟು ಸೆರಮೈಡ್ ಎಂಬ ಕೊಬ್ಬು, ಮಿಕ್ಕದ್ದು ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳು. ಗಾರೆ ಉದುರಿದ ಗೋಡೆಯಲ್ಲಿ ಗಾಳಿ ಆಡುವಂತೆ, ಈ ಕೊಬ್ಬು ತೊಳೆದುಹೋದ ಚರ್ಮದಿಂದ ನೀರು ಆವಿಯಾಗಿ ಹೋಗುತ್ತದೆ. ಮೇಲ್ಪದರದಲ್ಲಿ ನೀರಿನ ಅಂಶ ಶೇ. 10ಕ್ಕಿಂತ ಕೆಳಗಿಳಿದರೆ ಅದು ಬಾಗುವುದಿಲ್ಲ, ಬಿರಿಯುತ್ತದೆ. ಕುದಿಯುವಷ್ಟು ಬಿಸಿ ನೀರು ಮತ್ತು ಕ್ಷಾರದ ಸಾಬೂನು ಈ ಗಾರೆಯ ದೊಡ್ಡ ಶತ್ರುಗಳು. ಹಂಡೆಯ ನೀರು ಸುಡುತ್ತಿದ್ದರೇ ಸ್ನಾನ ಎಂದು ನಂಬಿದ ನಮ್ಮ ಕಡೆಯ ಹಿರಿಯರಿಗೆ ಇದನ್ನು ಒಪ್ಪಿಸುವುದು ಮಾತ್ರ ಕಷ್ಟ.

ಮಾಯಿಶ್ಚರೈಸರ್ ಎಂಬುದು ಮೂರು ಬಗೆಯ ಕೆಲಸ ಮಾಡಬೇಕು. ನೀರನ್ನು ಸೆಳೆದು ಹಿಡಿಯುವ ಪದಾರ್ಥ ಬೇಕು: ಗ್ಲಿಸರಿನ್, ಯೂರಿಯಾ, ಹಯಲುರಾನಿಕ್ ಆಮ್ಲ ಈ ಜಾತಿಯವು. ಬಿರುಕುಗಳನ್ನು ತುಂಬಿ ನುಣುಪು ಮಾಡುವ ಎಣ್ಣೆ, ಕೊಬ್ಬು ಬೇಕು. ಹಿಡಿದ ನೀರು ಆರದಂತೆ ಮೇಲೊಂದು ಮುಚ್ಚಳ ಬೇಕು. ಈ ಮೂರನೆಯ ಕೆಲಸದಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವ ವಸ್ತು ಇನ್ನೂ ಬಂದಿಲ್ಲ. ಅಮೆರಿಕದ ರಾಬರ್ಟ್ ಚೀಸ್‌ಬ್ರೋ ಅದರ ತಯಾರಿಕೆಗೆ ಪೇಟೆಂಟ್ ಪಡೆದದ್ದು 1872ರಲ್ಲಿ. ಅದರ ತೊಂದರೆ ಒಂದೇ, ಅಂಟು. ಹಚ್ಚಿಕೊಂಡು ದೂಳಿಗೆ ಹೋದರೆ ಮುಖ ಎಣ್ಣೆ ಬಾಂಡ್ಲಿಯಂತಾಗುತ್ತದೆ.

ಹಗುರ ಮಾಯಿಶ್ಚರೈಸರ್ ಹುಟ್ಟಿದ್ದೇ ಈ ತೊಂದರೆಗೆ ಪರಿಹಾರವಾಗಿ. ಆ ಡಬ್ಬಿಯ ಹಿಂದಿನ ಪಟ್ಟಿಯನ್ನು ಭೂತಗನ್ನಡಿ ಹಿಡಿದು ಓದಿದೆ: ನೀರು, ಗ್ಲಿಸರಿನ್, ಡೈಮೆಥಿಕೋನ್, ಬ್ಯುಟಿಲೀನ್ ಗ್ಲೈಕಾಲ್, ನಯಾಸಿನಮೈಡ್, ಕಾರ್ಬೋಮರ್, ಫೀನಾಕ್ಸಿಎಥನಾಲ್, ಸೋಡಿಯಂ ಹಯಲುರೊನೇಟ್, ಸೆರಮೈಡ್, ಯಾವುದೋ ದೂರದೇಶದ ಹೂವಿನ ಸಾರ, ಪರಿಮಳ, ಬಣ್ಣ.

ಈ ಪಟ್ಟಿಯನ್ನು ಓದುವುದಕ್ಕೆ ಒಂದು ಕೀಲಿಕೈ ಇದೆ. ನಮ್ಮ ದೇಶದ 2020ರ ಪ್ರಸಾಧನ ಸಾಮಗ್ರಿ ನಿಯಮಗಳ ಪ್ರಕಾರ, ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಗೆ ಅನುಕ್ರಮವಾಗಿ ಬರೆಯಬೇಕು. ಶೇ. 1 ಅಥವಾ ಅದಕ್ಕೂ ಕಡಿಮೆ ಇರುವವನ್ನು ಆಮೇಲೆ ಹೇಗೆ ಬೇಕಾದರೂ ಬರೆಯಬಹುದು. ಫೀನಾಕ್ಸಿಎಥನಾಲ್ ಎಂಬುದು ಡಬ್ಬಿ ಕೆಡದಂತೆ ಹಾಕುವ ರಕ್ಷಕ. ಅದನ್ನು ಶೇ. 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಹಾಗಾಗಿ ಪಟ್ಟಿಯಲ್ಲಿ ಅದರ ನಂತರ ಬರುವುದೆಲ್ಲ ನೂರಕ್ಕೆ ಒಂದು ಪಾಲೋ, ಅದಕ್ಕೂ ಕಡಿಮೆಯೋ ಇದೆ ಎಂದು ಧಾರಾಳವಾಗಿ ತಿಳಿಯಬಹುದು. ಡಬ್ಬಿಯ ಮುಂಭಾಗದಲ್ಲಿ ಹೊಗಳಿಸಿಕೊಂಡ ಹಯಲುರಾನಿಕ್ ಆಮ್ಲ, ಸೆರಮೈಡ್, ಹೂವಿನ ಸಾರ ಮೂರೂ ಇಲ್ಲಿ ಆ ಗೆರೆಯ ಕೆಳಗಿವೆ. ನಿಜವಾಗಿ ದುಡಿಯುತ್ತಿರುವವರು ಗೆರೆಯ ಮೇಲಿರುವ ಗ್ಲಿಸರಿನ್ ಮತ್ತು ಡೈಮೆಥಿಕೋನ್. ಅವರ ಹೆಸರು ಮುಂಭಾಗದಲ್ಲಿ ಎಲ್ಲೂ ಇಲ್ಲ!

ಹಯಲುರಾನಿಕ್ ಆಮ್ಲಕ್ಕೂ ಅನ್ಯಾಯ ಮಾಡಬಾರದು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಹಸುವಿನ ಕಣ್ಣಿನೊಳಗಿನ ಲೋಳೆಯಿಂದ ಬೇರ್ಪಡಿಸಿದ ಈ ಪದಾರ್ಥ ನಮ್ಮ ಚರ್ಮದಲ್ಲಿಯೂ, ಕೀಲುಗಳ ದ್ರವದಲ್ಲಿಯೂ ಸಹಜವಾಗಿಯೇ ಇದೆ. ನೀರನ್ನು ಚೆನ್ನಾಗಿ ಹಿಡಿಯುತ್ತದೆ. ಸ್ವಲ್ಪ ಹಾಕಿದರೂ ಲೋಳೆ ಗಟ್ಟಿಯಾಗುವುದರಿಂದ ಶೇ. 1ಕ್ಕಿಂತ ಕಡಿಮೆ ಇರುವುದೇ ಮೋಸ ಎನ್ನಲಾಗದು. ಆದರೆ ಅದರ ಅಣು ಬಹಳ ದೊಡ್ಡದು, ಚರ್ಮದ ಒಳಕ್ಕೆ ಇಳಿಯದೆ ಮೇಲೆಯೇ ಪೊರೆಯಾಗಿ ಕೂರುತ್ತದೆ. ಒಳಗಿನ ಹಯಲುರಾನಿಕ್ ಆಮ್ಲವನ್ನು ಹೊರಗಿನಿಂದ ತುಂಬಿಕೊಡುತ್ತದೆ, ಸುಕ್ಕು ಅಳಿಸುತ್ತದೆ ಎನ್ನುವುದು ಮಾರಾಟದ ಮಾತು. ಮುಖಕ್ಕೆ ಹಚ್ಚುವ ಕೊಲಾಜೆನ್‌ಗೂ ಇದೇ ಮಾತು ಸಲ್ಲುತ್ತದೆ.

ನಯಾಸಿನಮೈಡ್ ಅಂದರೆ ಬಿ3 ಜೀವಸತ್ವದ ಒಂದು ರೂಪ. ಶೇ. 2ರಿಂದ 5ರವರೆಗೆ ಇದ್ದರೆ ಚರ್ಮದ ತಡೆಗೋಡೆ ಬಲವಾಗುತ್ತದೆ, ಕಲೆಗಳೂ ಸ್ವಲ್ಪ ತಿಳಿಯಾಗುತ್ತವೆ ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ. ಈ ಡಬ್ಬಿಯಲ್ಲಿ ಎಷ್ಟಿದೆ? ಬರೆದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ನಾನು ಚೀಟಿ ಬರೆದುಕೊಡುವ 60 ರೂಪಾಯಿಯ ಮುಲಾಮಿನ ಟ್ಯೂಬಿನ ಮೇಲೆ ಔಷಧ ಎಷ್ಟು ಪ್ರಮಾಣದಲ್ಲಿದೆ ಎಂದು ಮುದ್ರಿಸಲೇಬೇಕು. 1,850 ರೂಪಾಯಿಯ ಡಬ್ಬಿಗೆ ಆ ಬಂಧನವಿಲ್ಲ. ಯಾವ ಪದಾರ್ಥದ ಹೆಸರು ಹೇಳಿಕೊಂಡು ಮಾರುತ್ತಾರೋ ಅದರ ಪ್ರಮಾಣವನ್ನಾದರೂ ಕಡ್ಡಾಯವಾಗಿ ಬರೆಯಿಸಬೇಕು ಎಂದು ನನ್ನ ಅಭಿಪ್ರಾಯ. ಕೆಲವು ಕಂಪನಿಗಳು ತಾವಾಗಿಯೇ ಬರೆಯುತ್ತಿವೆ, ಆದ್ದರಿಂದ ಆಗದ ಕೆಲಸವೇನಲ್ಲ.

ಗ್ಲಿಸರಿನ್ ಬಗ್ಗೆ ಒಂದು ತಮಾಷೆ ಹೇಳಬೇಕು. ಎಣ್ಣೆಗೆ ಕ್ಷಾರ ಬೆರೆಸಿ ಸಾಬೂನು ಮಾಡುವಾಗ ಅದು ತಾನಾಗಿಯೇ ಹುಟ್ಟುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಅದನ್ನು ಸಾಬೂನಿನಿಂದ ಬೇರ್ಪಡಿಸಿ ತೆಗೆಯುವುದು ರೂಢಿ. ಗ್ಲಿಸರಿನ್ ಕಳೆದುಕೊಂಡ ಸಾಬೂನಿನಿಂದ ನಾವು ಮುಖ ಒಣಗಿಸಿಕೊಳ್ಳುತ್ತೇವೆ. ಆಮೇಲೆ ಅದೇ ಗ್ಲಿಸರಿನ್ ಅನ್ನು ಗಾಜಿನ ಡಬ್ಬಿಯಲ್ಲಿ ಕೊಂಡು ಹಚ್ಚಿಕೊಳ್ಳುತ್ತೇವೆ.

ಹಾಗಾದರೆ ಡಬ್ಬಿ ಕೆಟ್ಟದ್ದೇ? ಅಲ್ಲ. ಎಣ್ಣೆ ಸುರಿಯುವ ಮುಖ, ಮೊಡವೆ ಇರುವ ಹದಿಹರೆಯದವರು, ಮೊಡವೆಯ ಔಷಧದಿಂದ ಚರ್ಮ ಒಣಗಿದವರು, ಬೇಸಿಗೆಯ ಸೆಖೆಯಲ್ಲಿ ಜಿಡ್ಡು ಸಹಿಸದವರು, ಇವರಿಗೆಲ್ಲ ಹಗುರ ಮಾಯಿಶ್ಚರೈಸರ್ ನಿಜವಾಗಿಯೂ ಸೂಕ್ತ. ಹಚ್ಚಿಕೊಳ್ಳಲು ಹಿತವಾಗಿರುವುದೂ ಒಂದು ಗುಣವೇ. ಎಷ್ಟು ಒಳ್ಳೆಯ ಮುಲಾಮಾದರೂ ಅಂಟು ಎಂದು ಮೂಲೆಗಿಟ್ಟರೆ ಏನು ಬಂತು? ಆದರೆ ಅದೇ ಗುಣಗಳುಳ್ಳ, ಪರಿಮಳವಿಲ್ಲದ ಟ್ಯೂಬು 300–400 ರೂಪಾಯಿಗೆ ನಾಗಮಂಗಲದ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಮಿಕ್ಕ ದುಡ್ಡು ಗಾಜಿಗೆ, ಪರಿಮಳಕ್ಕೆ, ಜಾಹೀರಾತಿನ ತಾರೆಗೆ.

ದುಡ್ಡಿನ ಲೆಕ್ಕ ಸಣ್ಣದೇನಲ್ಲ. ಗ್ರಾಂಗೆ 37 ರೂಪಾಯಿ. ಮುಖಕ್ಕೆ ಒಂದು ಸಲಕ್ಕೆ ಸುಮಾರು ಒಂದು ಗ್ರಾಂ, ದಿನಕ್ಕೆ ಎರಡು ಸಲ ಎಂದರೂ ಡಬ್ಬಿ 25 ದಿನಕ್ಕೆ ಮುಗಿಯುತ್ತದೆ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಅಂದರೆ ಐದು ದಿನ ಮಣ್ಣು ಹೊತ್ತ ಕೂಲಿ. ಮೈಗೆಲ್ಲ ಹಚ್ಚುವುದಾದರೆ ಒಂದು ಸಲಕ್ಕೇ 20ರಿಂದ 30 ಗ್ರಾಂ ಬೇಕು. ಎರಡು ಸ್ನಾನಕ್ಕೆ ಡಬ್ಬಿ ಖಾಲಿ.

ಮತ್ತೊಂದು ಮುಖ್ಯ ವಿಷಯವೆಂದರೆ ಚಳಿಗಾಲದ ಒಣ ಚರ್ಮಕ್ಕೆ, ಅದರಲ್ಲೂ ಐವತ್ತು ದಾಟಿದವರಿಗೆ, ಈ ಲೋಳೆ ಸಾಲದು. ಅದರಲ್ಲಿ ನೀರು ಹೆಚ್ಚು, ಮುಚ್ಚಳ ತೆಳು. ಹಚ್ಚಿದ ಕೂಡಲೇ ತಣ್ಣಗೆನಿಸುತ್ತದೆ, ನೀರು ಆರಿದ ಮೇಲೆ ಮತ್ತೆ ಎಳೆಯುತ್ತದೆ. ಅಂಥವರಿಗೆ ನಾನು ಹೇಳುವುದು ಇಷ್ಟೆ: ಉಗುರು ಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಸಾಬೂನು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಹಾಕಿ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿ. ಒಣ ಚರ್ಮದ ಮೇಲೆ ಕೊಬ್ಬರಿ ಎಣ್ಣೆಯನ್ನೂ ಖನಿಜ ತೈಲವನ್ನೂ ಹೋಲಿಸಿ ಫಿಲಿಪ್ಪೀನ್ಸ್‌ನ ವೈದ್ಯರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡೂ ಸರಿಸಮವಾಗಿದ್ದವು. ಕೊಬ್ಬರಿಗೆ 2025ರಲ್ಲಿ ಬಂದ ಬೆಲೆ ನೋಡಿದವರು ಎಣ್ಣೆಯೂ ಅಗ್ಗವಲ್ಲ ಎಂದಾರು, ನಿಜ. ಆದರೂ ಗ್ರಾಂಗೆ 37 ರೂಪಾಯಿ ಆಗಿಲ್ಲ! ಮೊಡವೆ ಇರುವ ಮುಖಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಬೇಡ, ಮೊಡವೆ ಹೆಚ್ಚುತ್ತದೆ. ಗ್ಲಿಸರಿನ್ ಬಳಸುವವರು ಹಾಗೆಯೇ ಹಚ್ಚದೆ, ಒಂದು ಪಾಲಿಗೆ ಮೂರು ನಾಲ್ಕು ಪಾಲು ಶುದ್ಧ ನೀರು ಬೆರೆಸಿಕೊಳ್ಳಬೇಕು, ಆಗಾಗ್ಗೆ ಹೊಸದಾಗಿ.

ಡಬ್ಬಿ ಹಿಡಿದು ಬಂದವರ ಪೈಕಿ ಐವತ್ತರ ಆಸುಪಾಸಿನ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ‘ಮಗ್ಳು ತಂದ್ಕೊಟ್ಟವ್ಳೆ, ಮೂರು ಡಬ್ಬಿ ಮುಗೀತು, ಮೊಕ ಮಾತ್ರ ಹಂಗೇ ಅದೆ’ ಎಂದರು. ಮುಖ ಸ್ವಲ್ಪ ಊದಿತ್ತು, ದನಿ ಗೊಗ್ಗರಾಗಿತ್ತು. ಕೇಳಿದರೆ ಮಲಬದ್ಧತೆ, ಸುಸ್ತು, ಎಲ್ಲರಿಗಿಂತ ಹೆಚ್ಚು ಚಳಿ, ಉಣ್ಣುವುದು ಕಡಿಮೆಯಾದರೂ ತೂಕ ಏರಿಕೆ. ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಗ್ರಂಥಿ ಸೋತಿರುವುದು ತಿಳಿಯಿತು. ದಿನಕ್ಕೊಂದು ಮಾತ್ರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಕೆಲವು ತಿಂಗಳಲ್ಲಿ ಚರ್ಮವೂ ಸರಿಯಾಯಿತು, ಸುಸ್ತೂ ಇಳಿಯಿತು. ಮೂರು ಡಬ್ಬಿಗೆ ಮಗಳು ಖರ್ಚು ಮಾಡಿದ್ದು 5,550 ರೂಪಾಯಿ. ಮಗಳ ಪ್ರೀತಿಯಲ್ಲಿ ಕೊರತೆಯೇನೂ ಇರಲಿಲ್ಲ, ಪಾಪ. ರೋಗ ಚರ್ಮದ್ದಾಗಿರಲಿಲ್ಲ, ಅಷ್ಟೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇರುವವರಲ್ಲೂ ಚರ್ಮ ಹೀಗೆಯೇ ಒಣಗುತ್ತದೆ.

ತೇವಕ್ಕೆಂದು ಹುಡುಕಿ ಹೊರಟವರು ಬಿಳುಪಿನ ಕ್ರೀಮಿಗೆ ಜಾರುವುದು ಇನ್ನೂ ದೊಡ್ಡ ಅಪಾಯ. ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರು ಕಂಡರೆ ವೈದ್ಯರ ಚೀಟಿಯಿಲ್ಲದೆ ಮುಖಕ್ಕೆ ಮುಟ್ಟಿಸಬೇಡಿ. ಮೊದಲ ವಾರ ಹೊಳಪು ಬರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಬಿಟ್ಟರೆ ಉರಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ವಿಧಿಸಿದ್ದರೂ ಮಾರಾಟ ನಿಂತಿಲ್ಲ. ಪಾದರಸ ಬೆರೆತ ಬಿಳುಪಿನ ಕ್ರೀಮುಗಳದ್ದು ಬೇರೆಯೇ ಕಥೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅಂಥವನ್ನು ಹಚ್ಚಿಕೊಂಡವರ ಮೂತ್ರಪಿಂಡಗಳು ಕೆಟ್ಟದ್ದನ್ನು ಅಲ್ಲಿಯ ವೈದ್ಯರು 2023ರಲ್ಲಿ ಗುರುತಿಸಿದರು. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ವಿದೇಶದ್ದಾದರೆ ಆಮದು ನೋಂದಣಿ ಸಂಖ್ಯೆ ಇಲ್ಲದ ಡಬ್ಬಿಯನ್ನು ಉಡುಗೊರೆಯಾಗಿ ಬಂದರೂ ತೆರೆಯಬೇಡಿ.

ಹೊಸ ಮಾಯಿಶ್ಚರೈಸರ್ ಯಾವುದೇ ಆಗಿರಲಿ, ಮೊದಲು ಮೊಣಕೈಯ ಒಳಮಡಿಕೆಗೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ತುರಿಕೆ, ಗುಳ್ಳೆ ಬಂದರೆ ಕಾರಣ ಸಾಮಾನ್ಯವಾಗಿ ಪರಿಮಳ ಅಥವಾ ರಕ್ಷಕ. ಒಂದೇ ಕಡೆ ಒಣಗಿ ಬಣ್ಣ ತಿಳಿಯಾಗಿ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಅದಕ್ಕೆ ಯಾವ ಕ್ರೀಮೂ ಬೇಡ, ಅದು ಕುಷ್ಠವಾಗಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧ ಉಚಿತ, ಪೂರ್ತಿ ವಾಸಿಯಾಗುತ್ತದೆ. ಹುಟ್ಟಿನಿಂದಲೇ ಮೈಯೆಲ್ಲ ಹುರುಪೆಯಿರುವ ಮಕ್ಕಳನ್ನು, ಅದರಲ್ಲೂ ಸೋದರಮಾವ, ಅತ್ತೆ ಮಕ್ಕಳ ಸಂಬಂಧದಲ್ಲಿ ಮದುವೆಯಾದವರ ಮಕ್ಕಳನ್ನು, ಬೆಳ್ಳೂರು ಕ್ರಾಸ್ ಬಳಿಯ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ಒಮ್ಮೆ ತೋರಿಸುವುದು ಒಳ್ಳೆಯದು. ವೈದ್ಯರ ಬಳಿ ಹೋಗುವಾಗ ಹಚ್ಚಿದ ಡಬ್ಬಿಯನ್ನೂ, ಅದು ಬಂದ ರಟ್ಟಿನ ಪೆಟ್ಟಿಗೆಯನ್ನೂ ಜೊತೆಗೆ ಒಯ್ಯಿರಿ. ಎಷ್ಟೋ ವೇಳೆ ಪದಾರ್ಥಗಳ ಪಟ್ಟಿ ಇರುವುದು ಆ ಪೆಟ್ಟಿಗೆಯ ಮೇಲೆ ಮಾತ್ರ.