ವಿಪತ್ತಿನ ಮೊದಲ ಅರ್ಧ ಗಂಟೆ ನಮ್ಮದು

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ವಾಣಿಜ್ಯ ಕಟ್ಟಡವೊಂದು ಹಾಡಹಗಲೇ ಕುಸಿದು ಬಿದ್ದಿತು. ಕೆಳ ಅಂತಸ್ತುಗಳಲ್ಲಿ ಅದಾಗಲೇ ಅಂಗಡಿಗಳು ತೆರೆದಿದ್ದವು, ವ್ಯವಹಾರ ನಡೆದಿತ್ತು. ಆ ದುರಂತದಲ್ಲಿ 19 ಜನ ಪ್ರಾಣ ಕಳೆದುಕೊಂಡರು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ತಂಡಗಳು ಹಲವು ದಿನ ಹಗಲಿರುಳೆನ್ನದೆ ಶ್ರಮಿಸಿದವು. ದಿನಗಳು ಕಳೆದ ಮೇಲೂ ಕೆಲವರು ಅವಶೇಷಗಳ ಅಡಿಯಿಂದ ಜೀವಂತವಾಗಿ ಹೊರಬಂದರು.

ಈ ದುರ್ಘಟನೆಯ ತರುವಾಯ ಕಟ್ಟಡಗಳ ಗುಣಮಟ್ಟ, ಪರವಾನಗಿ, ಅಧಿಕಾರಿಗಳ ಹೊಣೆಗಾರಿಕೆ ಇವುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯಿತು. ಅದು ಅವಶ್ಯವೇ ಆಗಿತ್ತು. ಆದರೆ ವಾಣಿಜ್ಯೋದ್ಯಮಿಗಳಾದ ನಾವು ನಮಗೇ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಹಾಗೆಯೇ ಉಳಿದುಹೋಯಿತು. ಇಂತಹ ಘಟನೆ ನಾಳೆ ನಮ್ಮ ಪೇಟೆಯಲ್ಲಿ ಅಥವಾ ನಮ್ಮ ಕೈಗಾರಿಕಾ ವಸಾಹತಿನಲ್ಲಿ ನಡೆದರೆ, ಪರಿಣತ ಪಡೆಗಳು ತಲುಪುವವರೆಗೆ ಅಲ್ಲಿ ಇರುವವರು ಯಾರು? ಗ್ಯಾಸ್ ಕಟರ್, ಜಾಕಿ, ಚೈನ್ ಪುಲ್ಲಿ, ಕ್ರೇನ್, ಜನರೇಟರ್, ನೀರೆತ್ತುವ ಪಂಪು ಇವೆಲ್ಲ ಯಾರ ಬಳಿ ಇವೆ? ಉತ್ತರ ಸ್ಪಷ್ಟ: ಜನರೂ ನಮ್ಮವರೇ, ಸಲಕರಣೆಗಳೂ ನಮ್ಮವೇ. ಇಲ್ಲದಿರುವುದು ತರಬೇತಿ ಮತ್ತು ಪೂರ್ವಸಿದ್ಧತೆ ಮಾತ್ರ. ಈ ಕೊರತೆಯನ್ನು ನೀಗಿಸುವ ಹೊಣೆಯನ್ನು ವಾಣಿಜ್ಯೋದ್ಯಮ ಸಂಸ್ಥೆಗಳೇ ವಹಿಸಿಕೊಳ್ಳಬೇಕೆಂಬುದು ಈ ಲೇಖನದ ಉದ್ದೇಶ.

ಪರಿಣತರು ಬರುವ ತನಕ

ಅಗ್ನಿಶಾಮಕ ದಳದ ದಕ್ಷತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಮ್ಮ ಹಳೆಯ ಪೇಟೆಗಳ ಓಣಿಗಳನ್ನು ಒಮ್ಮೆ ನೆನಪಿಸಿಕೊಳ್ಳಿರಿ. ಎರಡೂ ಬದಿಯಲ್ಲಿ ನಿಂತ ದ್ವಿಚಕ್ರ ವಾಹನಗಳು, ಮಾಲು ಇಳಿಸುತ್ತಿರುವ ಟೆಂಪೋಗಳು, ಅಂಗಡಿಯ ಮೆಟ್ಟಿಲಿನಿಂದ ರಸ್ತೆಗೆ ಚಾಚಿಕೊಂಡ ಸರಕು. ಇವುಗಳ ನಡುವೆ ಬೆಂಕಿ ನಂದಿಸುವ ವಾಹನ ನುಸುಳಿ ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಕಳೆದುಹೋಗಿರುತ್ತವೆ. ಹೃದಯ ಸ್ತಂಭಿಸಿ ಕುಸಿದ ವ್ಯಕ್ತಿಯ ಮೆದುಳು ಪ್ರಾಣವಾಯುವಿಲ್ಲದೆ ನಾಲ್ಕರಿಂದ ಆರು ನಿಮಿಷಗಳಲ್ಲಿಯೇ ಹಾನಿಗೊಳಗಾಗತೊಡಗುತ್ತದೆ. ಆ ವೇಳೆಗೆ ಪಕ್ಕದಲ್ಲಿರುವವನು ಎದೆಯನ್ನು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಬಾರಿ ಒತ್ತುವುದನ್ನು ಬಲ್ಲವನಾಗಿದ್ದರೆ ಮಾತ್ರ ಅಂಬ್ಯುಲೆನ್ಸ್ ಬಂದದ್ದಕ್ಕೆ ಅರ್ಥವಿರುತ್ತದೆ.

1995ರ ಜನವರಿಯಲ್ಲಿ ಜಪಾನಿನ ಕೋಬೆ ನಗರದಲ್ಲಿ ಭೂಕಂಪ ಸಂಭವಿಸಿದಾಗ, ಕುಸಿದ ಮನೆಗಳಡಿ ಸಿಲುಕಿ ಬದುಕುಳಿದವರ ಪೈಕಿ ಬಹುಪಾಲು ಜನರನ್ನು ಹೊರತೆಗೆದವರು ಅವರ ಕುಟುಂಬದವರು ಮತ್ತು ನೆರೆಹೊರೆಯವರೇ. ವಿಪತ್ತು ನಿರ್ವಹಣೆಯಲ್ಲಿ ಜಗತ್ತಿಗೇ ಮಾದರಿಯೆನಿಸಿದ ರಾಷ್ಟ್ರದ ಅನುಭವವೇ ಹೀಗಿರುವಾಗ, ನಮ್ಮ ಪರಿಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಧೈರ್ಯವೊಂದೇ ಸಾಲದು

ಇಂತಹ ಸಂದರ್ಭಗಳಲ್ಲಿ ಧಾವಿಸಿ ಬರುವ ಗುಣ ನಮ್ಮ ಜನರಲ್ಲಿ ಕಡಿಮೆಯೇನಿಲ್ಲ. ಅಂಗಡಿಯ ಹುಡುಗರು, ಹಮಾಲರು, ಆಟೋ ಚಾಲಕರು ಮೊದಲು ಓಡಿಬರುವವರು. ಆದರೆ ತರಬೇತಿಯಿಲ್ಲದ ಧೈರ್ಯ ಅಪಾಯಕಾರಿ ಎಂಬುದಕ್ಕೆ 1985ರ ಸೆಪ್ಟೆಂಬರ್ ತಿಂಗಳ ಮೆಕ್ಸಿಕೋ ನಗರದ ಭೂಕಂಪ ಸಾಕ್ಷಿ. ಅಲ್ಲಿ ಸಾಮಾನ್ಯ ನಾಗರಿಕರು ತಾವಾಗಿಯೇ ಮುಂದೆ ಬಂದು ಸುಮಾರು 800 ಜನರನ್ನು ರಕ್ಷಿಸಿದರು. ಆ ಯತ್ನದಲ್ಲಿ ನೂರಕ್ಕೂ ಹೆಚ್ಚು ಸ್ವಯಂಸೇವಕರು ತಾವೇ ಪ್ರಾಣ ತೆತ್ತರು. ಅದೇ ಅವಧಿಯಲ್ಲಿ ಅಮೆರಿಕೆಯ ಲಾಸ್ ಏಂಜಲೀಸ್ ನಗರದ ಅಗ್ನಿಶಾಮಕ ಇಲಾಖೆಯು ಸಾಮಾನ್ಯ ನಾಗರಿಕರಿಗೂ ತುರ್ತು ಸ್ಪಂದನೆಯ ತರಬೇತಿ ನೀಡುವ ಯೋಜನೆಯನ್ನು ರೂಪಿಸಿತು. 1993ರಿಂದ ಅದು ಆ ದೇಶದಾದ್ಯಂತ ವಿಸ್ತರಿಸಿತು. ಒಟ್ಟು ತರಬೇತಿ ಸುಮಾರು 20 ಗಂಟೆಗಳದ್ದು. ಸಣ್ಣ ಬೆಂಕಿ ನಂದಿಸುವುದು, ರಕ್ತಸ್ರಾವ ತಡೆಯುವುದು, ಗಾಯಾಳುಗಳಲ್ಲಿ ಯಾರಿಗೆ ಮೊದಲು ನೆರವು ಬೇಕೆಂದು ಗುರುತಿಸುವುದು ಇವೆಲ್ಲವೂ ಅದರ ಪಾಠಗಳು. ಎಲ್ಲಕ್ಕಿಂತ ಮುಖ್ಯವಾದ ಪಾಠವೆಂದರೆ, ಎಲ್ಲಿ ಒಳಹೋಗಬಾರದು ಎಂಬುದನ್ನು ತಿಳಿಯುವುದು.

ನಮ್ಮ ಬೆಂಗಳೂರಿನಲ್ಲಿಯೂ ಇದಕ್ಕೆ ಕಹಿ ಉದಾಹರಣೆಯಿದೆ. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡಾಗ ಒಂಬತ್ತು ಜನ ಮೃತಪಟ್ಟರು. ಹೊಗೆಯನ್ನು ತಾಳಲಾರದೆ ಮೇಲಿನ ಅಂತಸ್ತುಗಳಿಂದ ಜಿಗಿದವರೂ ಅವರಲ್ಲಿದ್ದರು. ಬೆಂಕಿಗಿಂತ ಹೊಗೆಯೇ ಹೆಚ್ಚು ಮಾರಕವೆಂಬುದು, ಹೊಗೆ ತುಂಬಿದಾಗ ನೆಲಕ್ಕೆ ಬಾಗಿ ಚಲಿಸಬೇಕೆಂಬುದು, ನಿರ್ಗಮನದ ದಾರಿ ಯಾವತ್ತೂ ತೆರೆದಿರಬೇಕೆಂಬುದು ಅರ್ಧ ದಿನದಲ್ಲಿ ಕಲಿಸಬಹುದಾದ ವಿಷಯಗಳು. ಅಂದು ತಮ್ಮವರನ್ನು ಕಳೆದುಕೊಂಡವರು ಮುಂದೆ ಬಿಯಾಂಡ್ ಕಾರ್ಲ್‌ಟನ್ ಎಂಬ ಸಂಸ್ಥೆಯನ್ನು ಕಟ್ಟಿ ಅಗ್ನಿ ಸುರಕ್ಷತೆಯ ಅರಿವು ಮೂಡಿಸುವ ಕಾರ್ಯದಲ್ಲಿ ತೊಡಗಿದರು. ದುಃಖವನ್ನುಂಡವರು ಮಾಡಿದ ಕೆಲಸವನ್ನು ದುಃಖ ಬರುವ ಮುನ್ನವೇ ನಾವು ಮಾಡಬಾರದೇಕೆ?

ಸರ್ಕಾರದ ವ್ಯವಸ್ಥೆ ಮತ್ತು ಅದರ ಮಿತಿ

‘ಇದೆಲ್ಲ ಸರ್ಕಾರದ ಕೆಲಸ’ ಎನ್ನುವ ಮಾತು ನಮ್ಮ ಸಭೆಗಳಲ್ಲಿ ಕೇಳಿಬರುವುದು ಸಹಜ. ಸರ್ಕಾರ ಕೈಕಟ್ಟಿ ಕುಳಿತಿಲ್ಲ ಎಂಬುದನ್ನು ಒಪ್ಪಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯನ್ವಯ ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ವಿಪತ್ತು ನಿರ್ವಹಣಾ ಪ್ರಾಧಿಕಾರವಿದೆ. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ‘ಆಪದಾ ಮಿತ್ರ’ ಯೋಜನೆಯನ್ನು 30 ಪ್ರವಾಹಪೀಡಿತ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು. ಮುಂದೆ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರಿಗೆ ತರಬೇತಿ ನೀಡುವ ಗುರಿಯೊಂದಿಗೆ ಅದನ್ನು ವಿಸ್ತರಿಸಲಾಯಿತು. ಹನ್ನೆರಡು ದಿನಗಳ ತರಬೇತಿ, ಸಲಕರಣೆಗಳ ಕಿಟ್ ಮತ್ತು ವಿಮೆ ಅದರ ಅಂಗಗಳು. 1968ರ ನಾಗರಿಕ ರಕ್ಷಣಾ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು ವಿಪತ್ತು ನಿರ್ವಹಣೆಯನ್ನೂ ಆ ಪಡೆಯ ಕರ್ತವ್ಯಕ್ಕೆ ಸೇರಿಸಲಾಗಿದೆ.

ಸಮುದಾಯವನ್ನು ಒಳಗೊಂಡ ಸಿದ್ಧತೆಯ ಫಲವನ್ನು ಒಡಿಶಾ ತೋರಿಸಿಕೊಟ್ಟಿದೆ. 1999ರ ಮಹಾಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ತದನಂತರ ಆಶ್ರಯ ಕಟ್ಟಡಗಳನ್ನು ನಿರ್ಮಿಸಿ, ಹಳ್ಳಿಹಳ್ಳಿಗಳಲ್ಲಿ ಸ್ವಯಂಸೇವಕರನ್ನು ಸಿದ್ಧಗೊಳಿಸಿದ ಪರಿಣಾಮವಾಗಿ, 2013ರ ಫೈಲಿನ್ ಚಂಡಮಾರುತದ ಸಮಯದಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿಯೇ ಸ್ಥಳಾಂತರಿಸಲು ಸಾಧ್ಯವಾಯಿತು. ಸಾವಿನ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ.

ಆದರೆ ಈ ಯಾವ ಯೋಜನೆಯೂ ನಮ್ಮ ಅಂಗಡಿ ಸಾಲಿನ ಪ್ರತಿ ಬಾಗಿಲಿಗೆ ಬಂದು ತಟ್ಟುವುದಿಲ್ಲ. ಅಪಾಯಕಾರಿ ರಾಸಾಯನಿಕಗಳನ್ನು ಬಳಸುವ ದೊಡ್ಡ ಕಾರ್ಖಾನೆಗಳಿಗೆ ತುರ್ತು ಯೋಜನೆ ಮತ್ತು ಅಣಕು ಕಾರ್ಯಾಚರಣೆಗಳನ್ನು ನಿಯಮಗಳು ಕಡ್ಡಾಯಗೊಳಿಸಿವೆ. ಸಣ್ಣ ಘಟಕಗಳ ಸ್ಥಿತಿ ಬೇರೆ. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ವಿದ್ಯುಚ್ಛಕ್ತಿ ಬಳಸುವ ಘಟಕವು ‘ಕಾರ್ಖಾನೆ’ ಎನಿಸಿಕೊಳ್ಳಲು ಹತ್ತು ಕಾರ್ಮಿಕರು ಸಾಕಾಗಿದ್ದರು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ನೂತನ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಈ ಮಿತಿ ಇಪ್ಪತ್ತಕ್ಕೆ ಏರಿದೆ. ನಿಯಮಗಳ ಹೊರೆ ಹಗುರವಾದುದಕ್ಕೆ ನಾವು ಸಂತೋಷಪಡಬಹುದು. ಆದರೆ ಬೆಂಕಿಯು ಹಾಜರಿ ಪುಸ್ತಕವನ್ನು ನೋಡಿಕೊಂಡು ಬರುವುದಿಲ್ಲ. ತಪಾಸಣಾಧಿಕಾರಿಯು ಕೇಳದಿದ್ದರೂ ನಾವೇ ಮಾಡಬೇಕಾದ ಕೆಲಸಗಳು ಈಗ ಹೆಚ್ಚಾಗಿವೆ ಎಂದೇ ಇದರ ಅರ್ಥ.

ಮೂರು ಆಕ್ಷೇಪಗಳು

ಮೊದಲನೆಯದು ದುಡಿಮೆಯ ದಿನಗಳ ನಷ್ಟ. ಎಂಟು ಜನರ ಘಟಕದಿಂದ ಇಬ್ಬರನ್ನು ಎರಡು ದಿನ ಕಳುಹಿಸುವುದು ಸುಲಭವಲ್ಲ, ನಿಜ. ಆದರೆ ವಾರದ ರಜೆಯ ದಿನಗಳಂದು ಅರ್ಧರ್ಧ ದಿನದ ನಾಲ್ಕು ಪಾಠಗಳಾಗಿ ಹಂಚಿಕೊಂಡು, ಆ ದಿನಗಳಿಗೆ ಹೆಚ್ಚುವರಿ ಕೂಲಿ ನೀಡಿದರೆ ಉತ್ಪಾದನೆ ನಿಲ್ಲುವುದಿಲ್ಲ. ‘ಸ್ವಯಂಸೇವೆ’ ಎಂಬ ಹೆಸರಿನಲ್ಲಿ ಕಾರ್ಮಿಕನ ರಜೆಯನ್ನು ಕಸಿದುಕೊಳ್ಳುವುದು ನ್ಯಾಯವಲ್ಲ. ಆತನ ಮನಸ್ಸು ಸ್ವಯಂಸೇವೆಯದಾಗಿರಲಿ, ಖರ್ಚು ಮಾಲೀಕರದಾಗಿರಲಿ.

ಎರಡನೆಯದು, ಕಲಿತ ಕಾರ್ಮಿಕ ಕೆಲಸ ಬಿಟ್ಟು ಬೇರೆಡೆಗೆ ಹೋಗುತ್ತಾನೆಂಬ ಆತಂಕ. ಹೋಗುವುದು ನಿಶ್ಚಯ. ಆದರೆ ಬಹುತೇಕ ಆತ ಹೋಗುವುದು ಅದೇ ವಸಾಹತಿನ ಮತ್ತೊಂದು ಘಟಕಕ್ಕೆ. ನಮ್ಮ ಗೋದಾಮಿಗೂ ಪಕ್ಕದವರ ಗೋದಾಮಿಗೂ ನಡುವೆ ಇರುವುದು ಒಂದೇ ಗೋಡೆ. ಅಲ್ಲಿ ಕಿಡಿ ಹತ್ತಿದಾಗ ಅದನ್ನು ನಂದಿಸಬಲ್ಲವನೊಬ್ಬ ಅಲ್ಲಿದ್ದರೆ ಲಾಭ ನಮಗೂ ಇದೆ.

ಮೂರನೆಯದು, ‘ವಿಮೆ ಇದೆಯಲ್ಲ’ ಎಂಬ ನೆಮ್ಮದಿ. 2021ರಿಂದ ಐದು ಕೋಟಿ ರೂಪಾಯಿವರೆಗಿನ ಆಸ್ತಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪ್ರಮಾಣಿತ ಪಾಲಿಸಿ ಲಭ್ಯವಿದೆ. ಇನ್ನೂ ಮಾಡಿಸದವರು ಕೂಡಲೇ ವಿಚಾರಿಸುವುದು ಒಳಿತು. ಆದರೆ ವಿಮಾ ಪರಿಹಾರ ಕೈಸೇರುವಷ್ಟರಲ್ಲಿ ನಮ್ಮ ಗಿರಾಕಿ ಬೇರೊಬ್ಬ ಪೂರೈಕೆದಾರನನ್ನು ಹುಡುಕಿಕೊಂಡಿರುತ್ತಾನೆ. ಇಪ್ಪತ್ತು ವರ್ಷ ಜೊತೆಗಿದ್ದ ಮೇಸ್ತ್ರಿಯನ್ನು ಯಾವ ಪಾಲಿಸಿಯೂ ಮರಳಿ ತಂದುಕೊಡದು.

ನೆರವಿಗೆ ಹೋದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯವೂ ಹಲವರಲ್ಲಿದೆ. ಕರ್ನಾಟಕವು ನೆರವಿಗೆ ಬಂದವರ ರಕ್ಷಣೆಗಾಗಿ 2016ರಲ್ಲಿಯೇ ಪ್ರತ್ಯೇಕ ಕಾಯ್ದೆಯನ್ನು ರೂಪಿಸಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯೂ ರಸ್ತೆ ಅಪಘಾತದ ಗಾಯಾಳುಗಳಿಗೆ ಸದ್ಭಾವನೆಯಿಂದ ನೆರವಾದವರಿಗೆ ರಕ್ಷಣೆ ನೀಡುತ್ತದೆ. ತರಬೇತಿಯಲ್ಲಿ ಈ ವಿಷಯವನ್ನೂ ತಿಳಿಸಿಕೊಡಬೇಕು.

ನಮ್ಮ ಸಂಸ್ಥೆ ಮಾಡಬಹುದಾದುದು

ಈ ಕೆಳಗಿನ ಸಲಹೆಗಳನ್ನು ಸದಸ್ಯರ ಪರಿಶೀಲನೆಗಾಗಿ ಮಂಡಿಸುತ್ತೇನೆ.

ಒಂದು: ಪ್ರತಿ ಅಂಗಡಿ ಸಾಲು ಮತ್ತು ವಸಾಹತಿನ ಪ್ರತಿ ಅಡ್ಡರಸ್ತೆಯಿಂದ ಎಂಟು ಹತ್ತು ಜನರ ತಂಡವೊಂದನ್ನು ರಚಿಸಬೇಕು. ಮಾಲೀಕರು ಕಾರ್ಮಿಕರನ್ನಷ್ಟೇ ಕಳುಹಿಸದೆ ತಾವೂ ಭಾಗವಹಿಸಬೇಕು. ಮಹಿಳಾ ಕಾರ್ಮಿಕರು, ರಾತ್ರಿ ಪಾಳಿಯವರು ಮತ್ತು ಕಾವಲುಗಾರರು ತಂಡದಲ್ಲಿರುವುದು ಅತ್ಯವಶ್ಯ. ಕನ್ನಡ ಬಾರದ ಹೊರರಾಜ್ಯದ ಕಾರ್ಮಿಕರಿಗೆ ಅವರ ಭಾಷೆಯಲ್ಲಿಯೇ ಹೇಳಿಕೊಡಬೇಕು.

ಎರಡು: ಅಗ್ನಿಶಾಮಕ ಇಲಾಖೆ, ನಾಗರಿಕ ರಕ್ಷಣಾ ಪಡೆ ಮತ್ತು ರೆಡ್‌ಕ್ರಾಸ್ ಸಂಸ್ಥೆಗಳನ್ನು ಸಂಪರ್ಕಿಸಿ ತರಬೇತಿ ಏರ್ಪಡಿಸಬೇಕು. ಪಾಠಗಳು ಐದು ಸಾಕು: ಮೇನ್ ಸ್ವಿಚ್ ಮತ್ತು ಗ್ಯಾಸ್ ಬಂದ್ ಮಾಡುವುದು, ಸಣ್ಣ ಬೆಂಕಿ ನಂದಿಸುವುದು, ರಕ್ತಸ್ರಾವ ಮತ್ತು ಹೃದಯಸ್ತಂಭನಕ್ಕೆ ಪ್ರಥಮ ಚಿಕಿತ್ಸೆ, ಜನರನ್ನು ಹೊರಗೆ ತಂದು ಎಣಿಸುವುದು, ಹಾಗೂ 112ಕ್ಕೆ ಸರಿಯಾದ ವಿಳಾಸ ತಿಳಿಸಿ ಓಣಿಯನ್ನು ತೆರವುಗೊಳಿಸುವುದು.

ಮೂರು: ಸಲಕರಣೆಗಳ ಪಟ್ಟಿ. ಯಾರ ಬಳಿ ಕ್ರೇನ್ ಇದೆ, ಯಾರ ಬಳಿ ಗ್ಯಾಸ್ ಕಟರ್ ಇದೆ, ಅದನ್ನು ನಡೆಸಬಲ್ಲವರು ಯಾರು, ರಾತ್ರಿ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನು ದಾಖಲಿಸಿ ಜಿಲ್ಲಾ ಪ್ರಾಧಿಕಾರಕ್ಕೆ ಸಲ್ಲಿಸಬೇಕು. ವಿಪತ್ತಿನ ಸಮಯದಲ್ಲಿ ಖಾಸಗಿ ಸಲಕರಣೆ ಮತ್ತು ವಾಹನಗಳನ್ನು ವಶಕ್ಕೆ ಪಡೆಯುವ ಅಧಿಕಾರವನ್ನೂ ಅದಕ್ಕೆ ಪರಿಹಾರ ನೀಡುವ ವ್ಯವಸ್ಥೆಯನ್ನೂ 2005ರ ಕಾಯ್ದೆಯು ಕಲ್ಪಿಸಿದೆ. ಆತುರದಲ್ಲಿ ಹುಡುಕಾಡಿಸಿಕೊಳ್ಳುವುದಕ್ಕಿಂತ ನಾವೇ ಮುಂಚಿತವಾಗಿ ಪಟ್ಟಿ ನೀಡುವುದು ಗೌರವದ ಮಾರ್ಗ.

ನಾಲ್ಕು: ವರ್ಷಕ್ಕೆರಡು ಬಾರಿ ಅಣಕು ಕಾರ್ಯಾಚರಣೆ. ಒಂದು ಮುಂಗಾರಿಗೆ ಮುನ್ನ, ಮತ್ತೊಂದು ಆಯುಧಪೂಜೆಯ ವಾರದಲ್ಲಿ. ಯಂತ್ರಗಳನ್ನು ನಿಲ್ಲಿಸಿ, ತೊಳೆದು, ಕುಂಕುಮವಿಟ್ಟು ಪೂಜಿಸುವ ಆ ದಿನಗಳಲ್ಲಿ ಗೋಡೆಯ ಮೇಲಿನ ಕೆಂಪು ಸಿಲಿಂಡರಿಗೂ ಹೂವು ಮುಡಿಸುತ್ತೇವೆ. ಅದರ ಮುಳ್ಳು ಹಸಿರು ಭಾಗದಲ್ಲಿದೆಯೇ, ಪಿನ್ನು ಸರಾಗವಾಗಿ ಬರುತ್ತದೆಯೇ ಎಂದು ನೋಡುವವರು ಎಷ್ಟು ಜನ? ನಾಲ್ಕಾರು ಕಿಲೋ ಪುಡಿಯ ಆ ಸಿಲಿಂಡರು ಅರ್ಧ ನಿಮಿಷದೊಳಗೆ ಬರಿದಾಗುತ್ತದೆ. ಅದನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವುದು ನಿಜವಾದ ಬೆಂಕಿಯ ಎದುರಿನಲ್ಲಿ ಆಗಬಾರದು.

ಒಂದು ಎಚ್ಚರಿಕೆ

ತರಬೇತಿ ಪಡೆದ ತಂಡವಿದೆಯೆಂದು ನಿಯಮಗಳನ್ನು ಗಾಳಿಗೆ ತೂರುವಂತಿಲ್ಲ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹತ್ತಿದ ಬೆಂಕಿ ಹದಿನಾಲ್ಕಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅಂತಹ ದಾಸ್ತಾನಿಗೆ ಬೆಂಕಿ ತಗುಲಿದ ಮೇಲೆ ಯಾವ ಸ್ವಯಂಸೇವಕನೂ ಮಾಡಬಹುದಾದುದು ಅತ್ಯಲ್ಪ. ಮಿತಿ ಮೀರಿದ ದಾಸ್ತಾನು, ಬೀಗ ಹಾಕಿದ ಹಿಂಬಾಗಿಲು, ಮೆಟ್ಟಿಲ ಕೆಳಗೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳು, ಜೋತುಬಿದ್ದ ವೈರುಗಳು ಇವನ್ನು ಸರಿಪಡಿಸುವುದು ಮಾಲೀಕನ ಹೊಣೆಯೇ ಹೊರತು ತಂಡದ ಕೆಲಸವಲ್ಲ. ಹಾಗೆಯೇ, ಸ್ವಯಂಸೇವಕರಿದ್ದಾರೆಂಬ ಕಾರಣಕ್ಕೆ ಹೊಸ ಅಗ್ನಿಶಾಮಕ ಠಾಣೆಗಳ ಬೇಡಿಕೆಯನ್ನು ಸರ್ಕಾರ ಮುಂದೂಡಲೂಬಾರದು. ಆ ಒತ್ತಾಯವನ್ನು ನಾವು ನಿರಂತರವಾಗಿ ಮಾಡುತ್ತಿರಬೇಕು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಪ್ರತಿ ದುರಂತದ ನಂತರವೂ ಸಂತಾಪ ಸೂಚಕ ಸಭೆ ನಡೆಸಿ, ಪರಿಹಾರ ನಿಧಿಗೆ ಉದಾರವಾಗಿ ದೇಣಿಗೆ ನೀಡುವ ಪರಂಪರೆ ವ್ಯಾಪಾರಸ್ಥರದು. ಅದು ಪ್ರಶಂಸಾರ್ಹ. ಆ ದೇಣಿಗೆಯ ಒಂದು ಪಾಲನ್ನು ದುರಂತಕ್ಕೆ ಮುಂಚೆಯೇ, ನಮ್ಮ ಜೊತೆ ದುಡಿಯುವವರ ತರಬೇತಿಗಾಗಿ ತೆಗೆದಿರಿಸುವ ನಿರ್ಧಾರವನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ. ಅಲ್ಲಿಯವರೆಗೆ ಪ್ರತಿಯೊಬ್ಬ ಸದಸ್ಯರೂ ಇಂದೇ ಮಾಡಬಹುದಾದ ಕೆಲಸವೊಂದಿದೆ: ಈ ಸಂಚಿಕೆಯನ್ನು ಕೆಳಗಿಟ್ಟು, ಎದ್ದು ಹೋಗಿ, ಗೋಡೆಯ ಮೇಲಿನ ಆ ಕೆಂಪು ಸಿಲಿಂಡರಿನ ಮುಳ್ಳು ಎಲ್ಲಿದೆಯೆಂದು ನೋಡಿರಿ, ಬಳಿಕ ಪಕ್ಕದಲ್ಲಿರುವ ಹುಡುಗನನ್ನು ಕರೆದು, ಅದನ್ನು ಬಳಸಲು ಬರುತ್ತದೆಯೇ ಎಂದು ಕೇಳಿರಿ.